ಪ್ರಾಚೀನ ಸಮಾಧಿಗಳ ಓದಿನಲ್ಲಿ ಶೂನ್ಯ ದೋಷ

ಸಿಂಧೂ ನಾಗರಿಕತೆಯ ಪಾಠವಿರುವ ಶಾಲಾ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಎರಡು ಚಿತ್ರಗಳಿರುತ್ತವೆ. ಒಂದು, ಸುಮಾರು 10.5 ಸೆಂಟಿಮೀಟರ್ ಎತ್ತರದ ಕಂಚಿನ ಪುಟ್ಟ ವಿಗ್ರಹ. ಹುಡುಗಿಯೊಬ್ಬಳು ಬಲಗೈಯನ್ನು ಸೊಂಟದ ಮೇಲಿಟ್ಟು, ಎಡತೋಳಿನ ತುಂಬ ಬಳೆ ತೊಟ್ಟು ನಿಂತಿದ್ದಾಳೆ. ಇನ್ನೊಂದು, ಸುಮಾರು 17.5 ಸೆಂಟಿಮೀಟರ್ ಎತ್ತರದ, ಬಳಪದ ಕಲ್ಲಿನ ಮುರಿದ ವಿಗ್ರಹ. ಗಡ್ಡ ಬಿಟ್ಟ ಗಂಡಸು. ಅರೆಮುಚ್ಚಿದ ಕಣ್ಣು, ಹಣೆಗೆ ಪಟ್ಟಿ, ಎಡಭುಜದ ಮೇಲೆ ಮೂರೆಲೆಯ ಚಿತ್ತಾರದ ಹೊದಿಕೆ. ಎರಡೂ ಮೊಹೆಂಜೊದಾರೊದಲ್ಲಿ 1920ರ ದಶಕದ ಉತ್ಖನನದಲ್ಲಿ ದೊರೆತವು. ಮೊದಲನೆಯದಕ್ಕೆ ‘ನರ್ತಕಿ’ ಎಂದು ಹೆಸರಾಯಿತು, ಎರಡನೆಯದಕ್ಕೆ ‘ಪುರೋಹಿತ ರಾಜ’ ಎಂದು.

ಕೆಲವು ವರ್ಷಗಳ ಹಿಂದೆ ಒಂದು ಪ್ರೌಢಶಾಲೆಯ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಈ ಎರಡು ವಿಗ್ರಹಗಳನ್ನು ಜೇಡಿಮಣ್ಣಿನಲ್ಲಿ ಮಾಡಿಟ್ಟಿದ್ದಳು. ವಿವರಣೆಯನ್ನೆಲ್ಲ ಒಪ್ಪಿಸಿದ ಮೇಲೆ ದನಿ ತಗ್ಗಿಸಿ ಕೇಳಿದಳು: “ಸರ್, ಇವಳು ಕುಣೀತಾ ಇಲ್ಲ ಅಲ್ವಾ? ಸುಮ್ನೆ ನಿಂತಿದ್ದಾಳೆ.” ಪಕ್ಕದಲ್ಲಿದ್ದ ಅಧ್ಯಾಪಕರು, “ಪುಸ್ತಕದಲ್ಲಿ ಹಾಗೇ ಇದೆಯಮ್ಮ” ಎಂದರು. ನಾನೂ ಏನೂ ಹೇಳದೆ ಮುಂದಿನ ಮೇಜಿಗೆ ಹೋದೆ. ಹೇಳಬೇಕಿತ್ತು.

ಆ ಹುಡುಗಿಯ ಪ್ರಶ್ನೆ ಸರಿಯಾದುದು. ಸಿಂಧೂ ಲಿಪಿಯನ್ನು ಒಪ್ಪಿಗೆಯಾಗುವಂತೆ ಯಾರೂ ಇನ್ನೂ ಓದಿಲ್ಲ. ಖಚಿತವಾಗಿ ಅರಮನೆ ಎನ್ನಬಹುದಾದ ಕಟ್ಟಡವಾಗಲೀ ದೇವಾಲಯ ಎನ್ನಬಹುದಾದ ಕಟ್ಟಡವಾಗಲೀ ಆ ನಗರದಲ್ಲಿ ಸಿಕ್ಕಿಲ್ಲ. ಹಾಗಿದ್ದ ಮೇಲೆ ಆ ಗಂಡಸು ಪುರೋಹಿತನೆಂಬುದಕ್ಕೂ ರಾಜನೆಂಬುದಕ್ಕೂ ಇರುವ ಪುರಾವೆ, ಆ ಹುಡುಗಿ ನರ್ತಕಿಯೆಂಬುದಕ್ಕೆ ಇರುವ ಪುರಾವೆಯಷ್ಟೇ. ಅಂದರೆ ನೋಡಿದವರ ಮನಸ್ಸಿಗೆ ಬಂದ ಹೋಲಿಕೆ. ಪುರಾವೆ ಎರಡೂ ಕಡೆ ಸಮನಾಗಿ ತೆಳುವಾಗಿತ್ತು. ಊಹೆ ಮಾತ್ರ ಗಂಡಸಿಗೆ ಅಧಿಕಾರವನ್ನೂ ಹೆಂಗಸಿಗೆ ಮನರಂಜನೆಯ ಕೆಲಸವನ್ನೂ ಹಂಚಿತು. ಅದೇ ನಗರಗಳ ಮಣ್ಣಿನ ಹೆಣ್ಣುಗೊಂಬೆಗಳಿಗೆ ‘ಮಾತೃದೇವತೆ’ ಎಂದು ಹೆಸರು ಬಂತು. ದೇವಿ, ಇಲ್ಲವೇ ನರ್ತಕಿ. ಇಟ್ಟಿಗೆ ಸುಡುವವಳು, ತೂಕ ಅಳೆಯುವವಳು, ಮಣಿ ಕೊರೆಯುವವಳು ಯಾರ ಊಹೆಗೂ ಬರಲಿಲ್ಲ.

ಪುರಾತತ್ತ್ವದ ವಿಷಯದಲ್ಲಿ ಭೌತವಿಜ್ಞಾನದ ಅಧ್ಯಾಪಕನಿಗೇನು ಕೆಲಸ ಎಂದು ಓದುಗರು ಕೇಳಬಹುದು. ಕೆಲಸವಿದೆ. ಇದು ಮೂಲತಃ ಅಳತೆಯ ದೋಷದ ಪ್ರಶ್ನೆ.

ಪ್ರಯೋಗಶಾಲೆಯಲ್ಲಿ ಸ್ಕ್ರೂ ಗೇಜ್ ಹಿಡಿದು ತಂತಿಯ ದಪ್ಪ ಅಳೆಯುವ ವಿದ್ಯಾರ್ಥಿಯನ್ನು ನೆನಪಿಸಿಕೊಳ್ಳಿ. ಹತ್ತು ಸಲ ಅಳೆದರೆ ಹತ್ತು ಉತ್ತರ ಬರುತ್ತವೆ, ಒಂದು ತುಸು ಹೆಚ್ಚು, ಒಂದು ತುಸು ಕಡಿಮೆ. ಇದು ಯಾದೃಚ್ಛಿಕ ದೋಷ. ಅಳತೆಗಳ ಸಂಖ್ಯೆ ಹೆಚ್ಚಿಸಿ ಸರಾಸರಿ ತೆಗೆದರೆ ಇದು ಕುಗ್ಗುತ್ತದೆ. ಆದರೆ ಗೇಜಿನ ಬಾಯಿ ಪೂರ್ತಿ ಮುಚ್ಚಿದಾಗಲೂ ಅದು 0.03 ಮಿಲಿಮೀಟರ್ ತೋರಿಸುತ್ತಿದ್ದರೆ? ಹತ್ತಲ್ಲ, ಹತ್ತು ಸಾವಿರ ಸಲ ಅಳೆದರೂ ಆ ತಪ್ಪು ಹೋಗುವುದಿಲ್ಲ. ಅಳತೆಗಳೆಲ್ಲ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡು ವಿದ್ಯಾರ್ಥಿಗೆ ಧೈರ್ಯವನ್ನೂ ಕೊಡುತ್ತವೆ. ಇದು ಶೂನ್ಯ ದೋಷ. ವ್ಯವಸ್ಥಿತ ದೋಷಗಳ ಪೈಕಿ ಅತ್ಯಂತ ಸರಳವಾದುದು. ಇದನ್ನು ಕಂಡುಹಿಡಿಯಲು ಅದೇ ಗೇಜಿನಿಂದ ಮತ್ತೆ ಮತ್ತೆ ಅಳೆದು ಫಲವಿಲ್ಲ. ಬಾಯಿ ಮುಚ್ಚಿ ನೋಡಬೇಕು, ಅಥವಾ ಬೇರೆ ಉಪಕರಣ ತರಬೇಕು.

ಪುರಾತತ್ತ್ವಜ್ಞರ ಗೇಜಿನ ಬಾಯಿ ಮುಚ್ಚಿ ನೋಡಿದವರಲ್ಲಿ ಕೆನೆತ್ ವೈಸ್ ಒಬ್ಬರು. 1972ರಲ್ಲಿ ಪ್ರಕಟವಾದ ಅವರ ಚಿಕ್ಕ ಪ್ರಬಂಧವೊಂದು, ಪ್ರಾಚೀನ ಸಮಾಧಿಗಳಿಂದ ತೆಗೆದ ವಯಸ್ಕರ ಅಸ್ಥಿಪಂಜರಗಳನ್ನು ಗಂಡು ಹೆಣ್ಣೆಂದು ವಿಂಗಡಿಸಿದ ವರದಿಗಳನ್ನು ಪರಿಶೀಲಿಸಿತು. ಸಾಮಾನ್ಯ ಜನಸಮುದಾಯದಲ್ಲಿ ವಯಸ್ಕ ಗಂಡು ಹೆಣ್ಣುಗಳ ಸಂಖ್ಯೆ ಹೆಚ್ಚುಕಡಿಮೆ ಸಮನಾಗಿರಬೇಕು. ವರದಿಗಳಲ್ಲಿ ಹಾಗಿರಲಿಲ್ಲ. ಗಂಡಿನ ಕಡೆಗೆ ಸುಮಾರು ಶೇ. 12ರಷ್ಟು ವಾಲಿಕೆ ಕಂಡಿತು. ಕಾರಣ ಊಹಿಸಲು ಕಷ್ಟವಿಲ್ಲ. ಶ್ರೋಣಿಯ ಮೂಳೆ ಚೆನ್ನಾಗಿ ಉಳಿದಿದ್ದರೆ ಲಿಂಗ ನಿರ್ಣಯ ಬಹುಮಟ್ಟಿಗೆ ಖಚಿತ. ಹೆರಿಗೆಗೆ ಅನುವಾಗುವಂತೆ ಹೆಣ್ಣಿನ ಶ್ರೋಣಿ ಅಗಲವಾಗಿರುತ್ತದೆ. ಆದರೆ ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಶ್ರೋಣಿ ಎಷ್ಟೋ ಸಲ ಪುಡಿಯಾಗಿರುತ್ತದೆ. ಆಗ ಹುಬ್ಬಿನ ಏಣು, ಕಿವಿಯ ಹಿಂದಿನ ಉಬ್ಬು, ತೊಡೆಮೂಳೆಯ ದಪ್ಪ ಇವನ್ನು ನೋಡಬೇಕು. ಇವುಗಳಲ್ಲಿ ಗಂಡು ಹೆಣ್ಣುಗಳ ವ್ಯಾಪ್ತಿ ಒಂದರ ಮೇಲೊಂದು ಹರಡಿಕೊಂಡಿದೆ. ನಡುವಣ ಸಂದೇಹದ ಮೂಳೆಗಳು ಎರಡೂ ಕಡೆಗೆ ಸಮನಾಗಿ ಬಿದ್ದಿದ್ದರೆ ಅದು ಯಾದೃಚ್ಛಿಕ ದೋಷವಾಗುತ್ತಿತ್ತು. ಹೆಚ್ಚಿನವು ಒಂದೇ ಕಡೆಗೆ ಬಿದ್ದವು.

ಮೂಳೆಯನ್ನು ನೋಡಿಯೇ ನಿರ್ಣಯಿಸಿದಾಗಿನ ಕಥೆ ಇದು. ಮೂಳೆಯನ್ನು ನೋಡದೆ, ಅದರ ಪಕ್ಕದಲ್ಲಿದ್ದ ವಸ್ತುಗಳನ್ನು ನೋಡಿ ನಿರ್ಣಯಿಸಿದ್ದೂ ಉಂಟು. ಕತ್ತಿ ಇದ್ದರೆ ಗಂಡು, ಕನ್ನಡಿ ಮಣಿಗಳಿದ್ದರೆ ಹೆಣ್ಣು. ಹೀಗೆ ವಿಂಗಡಿಸಿದ ಮೇಲೆ, ‘ಆ ಸಮಾಜದಲ್ಲಿ ಗಂಡಸರನ್ನು ಕತ್ತಿಯೊಡನೆ ಹೂಳುತ್ತಿದ್ದರು’ ಎಂಬ ತೀರ್ಮಾನ ಬರುತ್ತದೆ. ಬಾರದೆ ಇನ್ನೇನು? ಹಾಕಿದ್ದೇ ಹೊರಬಂದಿದೆ. ಓಮ್ ನಿಯಮವನ್ನು ಬಳಸಿ ರೋಧವನ್ನು ಲೆಕ್ಕ ಹಾಕಿ, ಆ ರೋಧದಿಂದ ಓಮ್ ನಿಯಮವನ್ನು ‘ಸಾಧಿಸಿದ’ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ.

ಇದರ ಪ್ರಸಿದ್ಧ ಉದಾಹರಣೆ ಸ್ವೀಡನ್ನಿನದು. ಸ್ಟಾಕ್‌ಹೋಮಿನ ಪಶ್ಚಿಮಕ್ಕೆ ಮೇಲಾರೆನ್ ಸರೋವರದ ನಡುಗಡ್ಡೆಯೊಂದರಲ್ಲಿ ಬಿರ್ಕಾ ಎಂಬ ವೈಕಿಂಗ್ ಕಾಲದ ವ್ಯಾಪಾರಿ ಪಟ್ಟಣವಿತ್ತು. ಅಲ್ಲಿ ಹ್ಯಾಲ್ಮರ್ ಸ್ಟೋಲ್ಪೆ 1878ರಲ್ಲಿ ಅಗೆದ ಒಂದು ಸಮಾಧಿಗೆ ‘ಬಿಜೆ 581’ ಎಂದು ಸಂಖ್ಯೆ. ಕೋಟೆಯ ಸಮೀಪದ ಎತ್ತರದ ಜಾಗ, ಮರದ ಕೋಣೆ, ಒಂದೇ ಅಸ್ಥಿಪಂಜರ. ಜೊತೆಗೆ ಕತ್ತಿ, ಕೊಡಲಿ, ಈಟಿ, ಕವಚ ಭೇದಿಸುವ ಬಾಣಗಳು, ಕಾದಾಟದ ಚೂರಿ, ಎರಡು ಗುರಾಣಿ, ಎರಡು ಕುದುರೆಗಳು. ಸಾಲದ್ದಕ್ಕೆ, ನಮ್ಮ ಚದುರಂಗದಂತೆ ಹಲಗೆಯ ಮೇಲೆ ಆಡುವ ಆಟದ ಕಾಯಿಗಳ ಪೂರ್ಣ ಜೊತೆ. ಸ್ಟೋಲ್ಪೆ ಒಳ್ಳೆಯ ಕೆಲಸಗಾರ. ಪ್ರತಿಯೊಂದು ವಸ್ತು ಎಲ್ಲಿತ್ತೆಂದು ನಕ್ಷೆ ಬರೆದಿಟ್ಟ. ಮೂಳೆಗಳ ಮೇಲೆ ಸಮಾಧಿಯ ಸಂಖ್ಯೆ ನಮೂದಾಯಿತು. ಹತ್ತನೆಯ ಶತಮಾನದ ಉನ್ನತ ದರ್ಜೆಯ ಯೋಧನ ಮಾದರಿ ಸಮಾಧಿ ಎಂದು ಅದು ಗ್ರಂಥದಿಂದ ಗ್ರಂಥಕ್ಕೆ ಹರಿದು ಬಂತು. 1970ರ ದಶಕದಲ್ಲಿ ಮೂಳೆಗಳನ್ನು ಪರೀಕ್ಷಿಸಿದಾಗಲೇ ಇದು ಹೆಣ್ಣಿನದಿರಬಹುದೆಂಬ ಸೂಚನೆ ಬಂದಿತ್ತು. ಯಾರೂ ಗಮನಿಸಲಿಲ್ಲ. ಆನಾ ಶೆಲ್‌ಸ್ಟ್ರೋಮ್ ಮತ್ತೆ ನೋಡಿ ಶ್ರೋಣಿಯ ಲಕ್ಷಣಗಳು ಹೆಣ್ಣಿನವೆಂದರು. ಕೊನೆಗೆ 2017ರಲ್ಲಿ ಶಾರ್ಲೊಟ್ ಹೆಡೆನ್‌ಶೆರ್ನಾ-ಯಾನ್ಸನ್ ಮತ್ತು ಸಂಗಡಿಗರು ಒಂದು ಹಲ್ಲು ಹಾಗೂ ತೋಳಿನ ಮೂಳೆಯಿಂದ ಡಿಎನ್‌ಎ ತೆಗೆದು ಪರೀಕ್ಷಿಸಿದರು. ಡಿಎನ್‌ಎ ತುಣುಕುಗಳಲ್ಲಿ ಎಕ್ಸ್ ವರ್ಣತಂತುವಿನವು ಎಷ್ಟು, ವೈ ವರ್ಣತಂತುವಿನವು ಎಷ್ಟು ಎಂದು ಎಣಿಸುವುದೇ ಇಲ್ಲಿಯ ವಿಧಾನ. ವೈ ಇರಲಿಲ್ಲ. 139 ವರ್ಷ ಕಾಲ ‘ಅವನು’ ಎನಿಸಿಕೊಂಡಿದ್ದ ಯೋಧ ಹೆಣ್ಣು.

ನನ್ನ ಟೀಕೆಗೆ ಗುರಿಯಾಗುವುದು 1878ರ ಊಹೆಯಲ್ಲ. ವರ್ಣತಂತುಗಳ ಕೆಲಸವೇ ತಿಳಿಯದಿದ್ದ ಕಾಲದವನಾದ ಸ್ಟೋಲ್ಪೆಯನ್ನು ದೂರುವುದು ನ್ಯಾಯವಲ್ಲ. ಗಮನಿಸಬೇಕಾದುದು 2017ರ ನಂತರದ ಚರ್ಚೆಯನ್ನು. ಎಷ್ಟೊಂದು ಆಕ್ಷೇಪಗಳು! ಪೆಟ್ಟಿಗೆಗಳಲ್ಲಿ ಮೂಳೆಗಳು ಅದಲುಬದಲಾಗಿರಬಹುದು. ಇನ್ನೊಬ್ಬ ಗಂಡಸಿನ ದೇಹವೂ ಅಲ್ಲಿದ್ದು ಕಾಣೆಯಾಗಿರಬಹುದು. ಆಯುಧಗಳು ಅವಳವಲ್ಲದೆ ಗಂಡನದೋ ತಂದೆಯದೋ ಆಗಿರಬಹುದು. ಮೂಳೆಗಳ ಮೇಲೆ ಗಾಯದ ಗುರುತಿಲ್ಲವಲ್ಲ, ಅವಳು ನಿಜವಾಗಿ ಯುದ್ಧ ಮಾಡಿದ್ದಳೇ? ಸಂಶೋಧಕರು ಉತ್ತರಿಸಿದರು, 2019ರಲ್ಲಿ ನೀಲ್ ಪ್ರೈಸ್ ಮುಂದಾಳಾಗಿದ್ದ ವಿಸ್ತಾರವಾದ ಪ್ರಬಂಧವೂ ಬಂತು. ಉಳಿದ ಮೂಳೆಗಳು ಸ್ಟೋಲ್ಪೆಯ ನಕ್ಷೆಗೆ ಹೊಂದುತ್ತವೆ, ಎರಡನೆಯ ದೇಹದ ಕುರುಹು ನಕ್ಷೆಯಲ್ಲೂ ಇಲ್ಲ, ಮೂಳೆಗಳಲ್ಲೂ ಇಲ್ಲ. ಗಾಯದ ವಿಷಯಕ್ಕೆ ಬಂದರೆ, ಬಿರ್ಕಾದಲ್ಲಿ ಖಚಿತವಾಗಿ ಗಂಡಸರೆಂದು ಗುರುತಿಸಿದ 49 ಅಸ್ಥಿಪಂಜರಗಳಲ್ಲಿ ಹರಿತ ಆಯುಧದ ಗಾಯವಿದ್ದುದು ಇಬ್ಬರಲ್ಲಿ ಮಾತ್ರ.

ಈ ಆಕ್ಷೇಪಗಳಲ್ಲಿ ಒಂದೂ ಮೂರ್ಖತನದ್ದಲ್ಲ. ಕೊನೆಯದಂತೂ ಒಳ್ಳೆಯ ಪ್ರಶ್ನೆ: ಸಮಾಧಿಯಲ್ಲಿ ಕತ್ತಿ ಇಟ್ಟ ಮಾತ್ರಕ್ಕೆ ಸತ್ತವರು ಯೋಧರೇ? ಹೂಳುವವರು ಬದುಕಿರುವವರು, ಅವರು ತಮಗೆ ತಿಳಿದ ಗೌರವವನ್ನು ತೋರಿಸಿರುತ್ತಾರೆ. ಆದರೆ ಈ ಪ್ರಶ್ನೆ 139 ವರ್ಷ ಎಲ್ಲಿತ್ತು? ಗಂಡೆಂದು ನಂಬಿದ್ದಾಗ ಕತ್ತಿ ತಾನೇ ಸಾಕ್ಷಿಯಾಗಿತ್ತು. ಹೆಣ್ಣೆಂದು ಗೊತ್ತಾದೊಡನೆ ಅದೇ ಕತ್ತಿಗೆ ಬೇರೆ ಸಾಕ್ಷಿ ಬೇಕಾಯಿತು. ಕತ್ತಿ ಬದಲಾಗಿರಲಿಲ್ಲ. ಭೌತವಿಜ್ಞಾನದಲ್ಲಿ ಇದಕ್ಕೆ ಸಮನಾದ ಅಪರಾಧವೊಂದಿದೆ: ನಿರೀಕ್ಷಿಸಿದ ಉತ್ತರ ಬಂದಾಗ ದೋಷ ಹುಡುಕುವುದನ್ನು ನಿಲ್ಲಿಸುವುದು, ಬೇರೆ ಉತ್ತರ ಬಂದಾಗ ಮಾತ್ರ ಉಪಕರಣದ ತಿರುಪುಗಳನ್ನೆಲ್ಲ ಬಿಚ್ಚಿ ನೋಡುವುದು. ಹಾಗೆ ಮಾಡಿದರೆ ಉತ್ತರಗಳು ನಿರೀಕ್ಷೆಯ ಸುತ್ತಲೇ ಗುಂಪುಗೂಡುತ್ತವೆ. ಬಿಜೆ 581ರ ಬಗ್ಗೆ ಸಂದೇಹಪಡುವವರು ಹಿಂದೆ ‘ಯೋಧ’ ಎಂದು ಗುರುತಿಸಿದ ಎಲ್ಲ ಗಂಡು ಸಮಾಧಿಗಳ ಬಗ್ಗೆಯೂ ಅಷ್ಟೇ ಸಂದೇಹಪಟ್ಟರೆ ನನ್ನ ತಕರಾರಿಲ್ಲ.

ಡಿಎನ್‌ಎ ಎಲ್ಲ ಕಡೆಯೂ ಉಳಿದಿರುವುದಿಲ್ಲ. ಬಿಸಿ ಹವೆಯಲ್ಲಿ ಅದು ಬೇಗ ಚೂರಾಗುತ್ತದೆ. ಅಲ್ಲಿ ಈಗ ನೆರವಿಗೆ ಬಂದಿರುವುದು ನಮ್ಮ ಕ್ಷೇತ್ರದ ಉಪಕರಣವೇ, ದ್ರವ್ಯರಾಶಿ ರೋಹಿತಮಾಪಕ. ಹಲ್ಲಿನ ಎನಾಮೆಲ್ ದೇಹದ ಅತ್ಯಂತ ಗಟ್ಟಿ ವಸ್ತು. ಅದು ಬೆಳೆಯುವಾಗ ಅಮೆಲೊಜೆನಿನ್ ಎಂಬ ಪ್ರೋಟೀನ್ ಕೆಲಸ ಮಾಡಿ, ಅದರ ತುಣುಕುಗಳು ಒಳಗೇ ಸಿಕ್ಕಿಕೊಂಡು ಸಾವಿರಾರು ವರ್ಷ ಉಳಿಯುತ್ತವೆ. ಈ ಪ್ರೋಟೀನಿನ ಜೀನ್ ಎಕ್ಸ್ ವರ್ಣತಂತುವಿನ ಮೇಲೂ ಇದೆ, ವೈ ಮೇಲೂ ಇದೆ. ಎರಡರ ರಚನೆಯಲ್ಲಿ ಅಲ್ಪ ವ್ಯತ್ಯಾಸ. ಹಲ್ಲಿನ ಮೇಲ್ಮೈಯಿಂದ ಸಾರರಿಕ್ತ ಆಮ್ಲದಲ್ಲಿ ಚೂರು ಕರಗಿಸಿ, ತುಣುಕುಗಳನ್ನು ಅಯಾನುಗಳನ್ನಾಗಿ ಮಾಡಿ, ರಾಶಿಗೂ ವಿದ್ಯುದಂಶಕ್ಕೂ ಇರುವ ಅನುಪಾತವನ್ನು ಅಳೆಯುತ್ತಾರೆ. ಥಾಮ್ಸನ್, ಆಸ್ಟನ್ ಕಾಲದ ತತ್ತ್ವವೇ. ಸೂಕ್ಷ್ಮತೆ ಮಾತ್ರ ಅಗಾಧವಾಗಿ ಬೆಳೆದಿದೆ. ಎಕ್ಸ್ ಮೂಲದ ಒಂದು ತುಣುಕು 540.28ರಲ್ಲಿ, ವೈ ಮೂಲದ ಒಂದು ತುಣುಕು 440.22ರಲ್ಲಿ ಕಾಣಿಸುತ್ತದೆ. ಎರಡೂ ಕಂಡರೆ ಗಂಡು, ಮೊದಲನೆಯದು ಮಾತ್ರ ಕಂಡರೆ ಹೆಣ್ಣು. ಈ ವಿಧಾನವನ್ನು ನಿಕೊಲಾಸ್ ಸ್ಟೂವರ್ಟ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದರು. ಮಕ್ಕಳ ಹಲ್ಲಿಗೂ ಇದು ಅನ್ವಯಿಸುತ್ತದೆ. ಪ್ರೌಢಾವಸ್ಥೆಗೆ ಮುನ್ನ ಮೂಳೆಗಳಿಂದ ಲಿಂಗ ತಿಳಿಯುವುದು ಬಹಳ ಕಷ್ಟ.

ಇಲ್ಲೂ ದೋಷವಿಶ್ಲೇಷಣೆ ಬೇಕು. ಹೆಣ್ಣೆಂಬ ನಿರ್ಣಯ ಒಂದು ಸಂಕೇತದ ಗೈರುಹಾಜರಿಯನ್ನು ಅವಲಂಬಿಸಿದೆ. ವೈ ಸಂಕೇತ ಸ್ವಭಾವತಃ ಕ್ಷೀಣ. ಮಾದರಿ ತೀರ ಕಡಿಮೆಯಿದ್ದರೆ ಇದ್ದೂ ಕಾಣದಿರಬಹುದು. ಇನ್ನೊಂದು ತೊಡಕು ನಮ್ಮ ದೇಶಕ್ಕೇ ಸಂಬಂಧಿಸಿದ್ದು. ಕೆ. ತಂಗರಾಜ್, ಲಾಲ್‌ಜಿ ಸಿಂಗ್ ಮುಂತಾದವರು 2002ರಲ್ಲಿ 270 ಭಾರತೀಯ ಗಂಡಸರನ್ನು ಪರೀಕ್ಷಿಸಿದಾಗ ಐವರಲ್ಲಿ ವೈ ವರ್ಣತಂತುವಿನ ಅಮೆಲೊಜೆನಿನ್ ಜೀನ್ ಇರಲೇ ಇಲ್ಲ. ಅಂಥವರ ಹಲ್ಲನ್ನು ಮುಂದೆಂದಾದರೂ ಯಾರಾದರೂ ಅಗೆದು ತೆಗೆದರೆ ಹೆಣ್ಣೆಂದು ಬರೆದಾರು! ಈ ದೋಷ ಗಂಡನ್ನು ಹೆಣ್ಣಾಗಿಸುತ್ತದೆ, ವೈಸ್ ಕಂಡ ದೋಷ ಹೆಣ್ಣನ್ನು ಗಂಡಾಗಿಸುತ್ತಿತ್ತು. ಆದರೆ ಈ ದೋಷಕ್ಕೆ ಒಂದು ಸಂಖ್ಯೆಯಿದೆ, ಶೇ. 2ಕ್ಕಿಂತ ಕಡಿಮೆ, ಲೆಕ್ಕಕ್ಕೆ ಹಿಡಿಯಬಹುದು.

ಸ್ಪೇನಿನ ಸೆವಿಲ್ ಸಮೀಪದ ವಲೆನ್ಸಿನಾದಲ್ಲಿ 2008ರಲ್ಲಿ ಸಿಕ್ಕ ಸುಮಾರು ಐದು ಸಾವಿರ ವರ್ಷ ಹಿಂದಿನ ಸಮಾಧಿಯನ್ನು ಈ ವಿಧಾನ ಮರುಪರಿಶೀಲಿಸಿತು. ಆಫ್ರಿಕದ ಆನೆಯ ಇಡೀ ದಂತ, ಸ್ಫಟಿಕದ ಕಠಾರಿಯಂಥ ವಸ್ತುಗಳಿದ್ದ ಆ ಸಮಾಧಿಯ ವ್ಯಕ್ತಿಯನ್ನು 17ರಿಂದ 25 ವರ್ಷದ ಗಂಡಿರಬಹುದೆಂದು ವರದಿ ಮಾಡಿದ್ದರು. ‘ದಂತದ ವ್ಯಾಪಾರಿ’ ಎಂದು ಕರೆದಿದ್ದರು. ಎರಡು ಹಲ್ಲುಗಳ ಪರೀಕ್ಷೆಯಿಂದ ಹೆಣ್ಣೆಂದು 2023ರಲ್ಲಿ ಪ್ರಕಟವಾಯಿತು. ಹೆಸರು ‘ದಂತದ ಮಹಿಳೆ’ ಎಂದು ಬದಲಾಯಿತು. ಗಮನಿಸಿ, ಗಂಡಾಗಿದ್ದಾಗ ಇದ್ದ ಉದ್ಯೋಗ ಹೆಣ್ಣಾದೊಡನೆ ಹೋಯಿತು. ವ್ಯಾಪಾರಿ ಎಂಬುದಕ್ಕೆ ಮೊದಲೂ ಆಧಾರವಿರಲಿಲ್ಲ, ನಿಜ. ಆದರೂ ನನಗೆ ಮೊಹೆಂಜೊದಾರೊದ ಆ ಎರಡು ಹೆಸರುಗಳು ನೆನಪಾಗದೆ ಇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಅರ್ಧ ಲೆಕ್ಕ ಒಪ್ಪಿಸಿದಂತೆ. ಒಂದು ಕಡೆಗೆ ವಾಲಿದ ತಕ್ಕಡಿಯನ್ನು ಇನ್ನೊಂದು ಕಡೆಗೆ ಜಗ್ಗಿದರೆ ಅದು ತಿದ್ದುಪಡಿಯಲ್ಲ. ತುರ್ಕಿಯ ಚತಾಲ್‌ಹೊಯುಕ್‌ನಲ್ಲಿ 1961ರಿಂದ ಅಗೆದ ಜೇಮ್ಸ್ ಮೆಲ್ಲಾರ್ಟ್, ಎರಡು ಮೃಗಗಳ ನಡುವೆ ಕುಳಿತ ಸ್ಥೂಲಕಾಯದ ಹೆಣ್ಣಿನ ವಿಗ್ರಹವನ್ನು ಮಾತೃದೇವತೆ ಎಂದರು. ಮರಿಯಾ ಗಿಂಬುಟಾಸ್ ಇಂಥ ವಿಗ್ರಹಗಳ ಮೇಲೆ ಹೆಣ್ಣೇ ಕೇಂದ್ರವಾಗಿದ್ದ ಶಾಂತಿಯುತ ಯುರೋಪೊಂದನ್ನು ಕಟ್ಟಿದರು. ಆಕರ್ಷಕ ಚಿತ್ರ. ಆದರೆ ವಿಗ್ರಹದಿಂದ ದೇವಿಗೆ, ದೇವಿಯಿಂದ ಸಮಾಜ ವ್ಯವಸ್ಥೆಗೆ ಹಾರುವ ಹಾರಿಕೆ, ಗಡ್ಡದಿಂದ ರಾಜ್ಯಾಡಳಿತಕ್ಕೆ ಹಾರಿದಷ್ಟೇ ಉದ್ದ. 1993ರಿಂದ ಇಯಾನ್ ಹಾಡರ್ ನೇತೃತ್ವದಲ್ಲಿ ಅಲ್ಲಿ ಮತ್ತೆ ಅಗೆದಾಗ, ಮೂಳೆಗಳ ಐಸೊಟೋಪುಗಳಿಂದ ತಿಳಿದದ್ದು ಬೇರೆ: ಗಂಡು ಹೆಣ್ಣು ತಿನ್ನುತ್ತಿದ್ದ ಆಹಾರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಯಾವ ಪಕ್ಷಕ್ಕೂ ಒಪ್ಪಿಗೆಯಾಗದ, ಆದರೆ ಅಳೆದು ತಿಳಿದ ಉತ್ತರ.

ಬೇಟೆಯ ಪ್ರಶ್ನೆಯೂ ಹಾಗೆಯೇ. 1966ರಲ್ಲಿ ಷಿಕಾಗೋದಲ್ಲಿ ನಡೆದ ವಿಚಾರಸಂಕಿರಣ ‘ಬೇಟೆಗಾರ ಮಾನವ’ ಎಂಬ ಹೆಸರನ್ನು ಜಗತ್ತಿಗೆ ಕೊಟ್ಟಿತು. ತಮಾಷೆಯೆಂದರೆ, ಅದರ ಸಂಘಟಕರಲ್ಲೊಬ್ಬರಾದ ರಿಚರ್ಡ್ ಲೀ ಅವರ ಕಲಹಾರಿ ಅಧ್ಯಯನದ ಪ್ರಕಾರವೇ ಆ ಜನರ ಆಹಾರದ ಹೆಚ್ಚಿನ ಪಾಲು ಬೇಟೆಯಿಂದಲ್ಲ, ಮುಖ್ಯವಾಗಿ ಹೆಂಗಸರು ಆಯ್ದು ತರುವ ಸಸ್ಯಾಹಾರದಿಂದ ಬರುತ್ತಿತ್ತು. ಪೆರು ದೇಶದ ವಿಲಮಾಯ ಪಟ್‌ಷಾ ಎಂಬಲ್ಲಿ 2018ರಲ್ಲಿ ಸುಮಾರು 9,000 ವರ್ಷ ಹಿಂದಿನ ಸಮಾಧಿಯೊಂದರಲ್ಲಿ 17–19 ವರ್ಷದ ವ್ಯಕ್ತಿ ದೊಡ್ಡ ಬೇಟೆಯ ಕಲ್ಲಿನ ಉಪಕರಣಗಳೊಡನೆ ಸಿಕ್ಕಿತು. ಹಲ್ಲಿನ ಪ್ರೋಟೀನು ಹೆಣ್ಣೆಂದಿತು. ರ‍್ಯಾಂಡಲ್ ಹಾಸ್ ಮತ್ತು ಸಂಗಡಿಗರು ಅಮೆರಿಕ ಖಂಡಗಳ ಹಳೆಯ ವರದಿಗಳನ್ನು ಜಾಲಾಡಿ, ಇಂಥ ಉಪಕರಣಗಳಿದ್ದ 27 ವ್ಯಕ್ತಿಗಳಲ್ಲಿ 11 ಹೆಣ್ಣೆಂದು 2020ರಲ್ಲಿ ಬರೆದರು. ಶೇ. 41. ಆದರೆ 27 ಚಿಕ್ಕ ಸಂಖ್ಯೆ. ಬರೀ ಯಾದೃಚ್ಛಿಕ ದೋಷವೇ ಸುಮಾರು ಶೇ. 9ರಷ್ಟು ಆಚೀಚೆ. ಬೇಟೆಗಾರರಲ್ಲಿ ಹೆಂಗಸರು ಶೇ. 30ರಿಂದ 50 ಎಂದು ಅವರೇ ಅಂದಾಜಿಸಿದ್ದು ಪ್ರಾಮಾಣಿಕ. ಪತ್ರಿಕೆಗಳ ತಲೆಬರಹಗಳಲ್ಲಿ ಆ ವ್ಯಾಪ್ತಿ ಮಾಯವಾಯಿತು. 2023ರಲ್ಲಿ ಇನ್ನೊಂದು ತಂಡ, 63 ಅಲೆಮಾರಿ ಸಮಾಜಗಳಲ್ಲಿ ಶೇ. 79ರಲ್ಲಿ ಹೆಂಗಸರು ಬೇಟೆಯಾಡುತ್ತಾರೆಂದಿತು. ಮರುವರ್ಷವೇ ಬೇರೆ ಮಾನವಶಾಸ್ತ್ರಜ್ಞರು, ಸಮಾಜಗಳ ಆಯ್ಕೆಯಲ್ಲೇ ವಾಲಿಕೆಯಿದೆ, ದಾಖಲೆಗಳನ್ನು ತಪ್ಪಾಗಿ ವರ್ಗೀಕರಿಸಲಾಗಿದೆ ಎಂದು ಒಂದೊಂದಾಗಿ ತೋರಿಸಿದರು. ಹೆಂಗಸರು ಬೇಟೆಯಾಡಿದ್ದುಂಟು ಎಂಬುದು ನಿಲ್ಲುತ್ತದೆ. ಎಲ್ಲೆಡೆ ಗಂಡಸರಷ್ಟೇ ಆಡಿದರು ಎಂಬುದು ನಿಲ್ಲುವುದಿಲ್ಲ.

ಕೊನೆಗೆ ನಮ್ಮ ಭಾಷೆಯದೇ ಒಂದು ತೊಡಕು. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಲಿಂಗವಿಲ್ಲ. ಬೇಟೆಯಾಡಿದ ವ್ಯಕ್ತಿ ಗಂಡೋ ಹೆಣ್ಣೋ ಹೇಳದೆ ಒಂದು ವಾಕ್ಯ ಮುಗಿಸಬಹುದು. ಕನ್ನಡದಲ್ಲಿ ‘ಆದಿಮಾನವ ಬೆಂಕಿಯನ್ನು ಕಂಡುಹಿಡಿದನು’ ಎಂದು ಬರೆದ ಕ್ಷಣವೇ ಆ ‘ಅನು’ ಪ್ರತ್ಯಯ ಒಂದು ಪುರಾತತ್ತ್ವ ಸಿದ್ಧಾಂತವನ್ನು ಮಂಡಿಸಿಬಿಡುತ್ತದೆ, ಬರೆದವರಿಗೆ ಅರಿವಿಲ್ಲದೆ. ‘ಆದಿಮಾನವ ಬೇಟೆಯಾಡಿದನು, ಗುಹೆಯಲ್ಲಿ ಚಿತ್ರ ಬರೆದನು, ಬೀಜ ಬಿತ್ತಿದನು’ ಎಂಬ ವಾಕ್ಯಗಳನ್ನು ನಾನೂ ಬಾಯಿಪಾಠ ಮಾಡಿದವನೇ. ಬಿತ್ತನೆಯನ್ನು ಮೊದಲು ಮಾಡಿದವರು ಗಂಡಸರೆಂದು ಯಾರು ಅಳೆದರು? ಬಹುವಚನ ಈ ತೊಂದರೆಯಿಂದ ಪಾರುಮಾಡುತ್ತದೆ: ‘ಬಿತ್ತಿದರು’. ಮಗುವಿಗಂತೂ ಕನ್ನಡ ಮೊದಲಿಂದಲೂ ‘ಅದು’ ಎಂದೇ ಹೇಳುತ್ತ ಬಂದಿದೆ. ಮಕ್ಕಳ ಅಸ್ಥಿಪಂಜರದ ಮುಂದೆ ನಿಂತ ತಜ್ಞರೂ ಬಹುಕಾಲ ಅಷ್ಟನ್ನೇ ಹೇಳಬಲ್ಲವರಾಗಿದ್ದರು.

ಬಳ್ಳಾರಿ ಬಳಿಯ ಸಂಗನಕಲ್ಲು, ಹಿರೇಗುಡ್ಡಗಳಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರಿಗೆ ಈ ಪ್ರತ್ಯಯ ಎದುರಾಗುತ್ತದೆ. ಸುಮಾರು ಮೂರುವರೆ ಸಾವಿರ ವರ್ಷಗಳ ಹಿಂದೆ ಅಲ್ಲಿ ಡಾಲರೈಟ್ ಕಲ್ಲಿನ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದರು. ಉಜ್ಜಿ ನುಣುಪು ಮಾಡಿದ ಗುಳಿಗಳು ಬಂಡೆಗಳ ಮೇಲೆ ಈಗಲೂ ಕಾಣುತ್ತವೆ. ಕಲ್ಲಿನ ಕೆಲಸ ಗಂಡಸರದೆಂದು ತಾನಾಗಿ ಬಾಯಿಗೆ ಬರುತ್ತದೆ. ಆದರೆ ಇಥಿಯೋಪಿಯದ ಕೊನ್ಸೊ ಜನರಲ್ಲಿ ತೊಗಲು ಹದ ಮಾಡುವ ಹೆಂಗಸರು ನಮ್ಮ ಕಾಲದಲ್ಲೂ ಕಲ್ಲು ಒಡೆದು ಉಪಕರಣ ಮಾಡಿಕೊಳ್ಳುತ್ತಿದ್ದುದನ್ನು ಕ್ಯಾಥ್ರಿನ್ ವೀಡ್‌ಮನ್ ಆರ್ಥರ್ ದಾಖಲಿಸಿದ್ದಾರೆ. ಅದರಿಂದ ಹಿರೇಗುಡ್ಡದ ಕೊಡಲಿಗಳು ಹೆಂಗಸರವೆಂದು ಸಿದ್ಧವಾಗುವುದಿಲ್ಲ. ಅಲ್ಲಿ ‘ಕೊಡಲಿ ಮಾಡುತ್ತಿದ್ದರು’ ಎಂದು ಬರೆಯುವಷ್ಟಕ್ಕೆ ಪುರಾವೆಯಿದೆ. ‘ಮಾಡುತ್ತಿದ್ದನು’ ಎಂದು ಬರೆಯುವಷ್ಟಕ್ಕೆ ಇಲ್ಲ.